ಊರು ಬಿಡದವರು

‘ಇಲಿ ಬಿತ್ತು’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಹಿಂದೆ ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಜನ ಪಾತ್ರೆಪಡಗ ಕಟ್ಟಿಕೊಂಡು ಹೊಲಗಳಲ್ಲಿ ಗುಡಿಸಲು ಹಾಕಲು ಹೊರಡುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಾಗಲೂ ಸಾವಿರಾರು ಮಂದಿ ಊರು ಬಿಟ್ಟರು. ಪ್ಲೇಗಮ್ಮನ ಗುಡಿಗಳು ಆ ಭಯದ ಕುರುಹಾಗಿ ಇಂದಿಗೂ ನಿಂತಿವೆ. ಮಾರಿ ಬಂದಾಗ ಓಡುವುದು ಮನುಷ್ಯ ಸಹಜ. ಆದರೆ ಓಡಬಾರದೆಂದು ತಾವಾಗಿಯೇ ನಿಶ್ಚಯಿಸಿದ ಹಳ್ಳಿಯೊಂದು ಇಂಗ್ಲೆಂಡಿನ ಡರ್ಬಿಷೈರ್‌ನ ಗುಡ್ಡಗಳ ನಡುವೆ ಇದೆ. ಅದರ ಹೆಸರು ಈಮ್.

1665ರಲ್ಲಿ ಲಂಡನ್ ನಗರ ಪ್ಲೇಗಿನಿಂದ ತತ್ತರಿಸಿತ್ತು. ಅಲ್ಲಿಂದ ಈಮ್‌ನ ದರ್ಜಿಯ ಮನೆಗೆ ಒಂದು ಬಟ್ಟೆಯ ಗಂಟು ಬಂತು. ಗಂಟು ಬಿಚ್ಚಿದ ಕೆಲಸಗಾರ ಜಾರ್ಜ್ ವಿಕರ್ಸ್ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಆಮೇಲೆ ಮನೆಯಿಂದ ಮನೆಗೆ ಸಾವು ನಡೆದುಹೋಯಿತು. ಚಳಿಗಾಲದಲ್ಲಿ ಸ್ವಲ್ಪ ತಣ್ಣಗಾದ ರೋಗ ಮರುವರ್ಷದ ಬೇಸಿಗೆಯಲ್ಲಿ ಮತ್ತೆ ಕೆರಳಿತು.

ಆಗ ಊರಿನ ಪಾದ್ರಿಯಾಗಿದ್ದವರು ವಿಲಿಯಂ ಮಾಂಪೆಸ್ಸನ್, ಇಪ್ಪತ್ತೆಂಟರ ತರುಣ. ಬಂದು ಎರಡೇ ವರ್ಷವಾಗಿತ್ತು. ಜನರಿಗೆ ಅವರ ಮೇಲೆ ಅಷ್ಟೇನೂ ಒಲವಿರಲಿಲ್ಲ. ಜನರ ಮನಸ್ಸೆಲ್ಲ ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿಯವರ ಕಡೆಗೆ. ಸರ್ಕಾರ ವಿಧಿಸಿದ ಆರಾಧನಾ ಕ್ರಮವನ್ನು ಒಪ್ಪದೆ ಸ್ಟ್ಯಾನ್ಲಿ ಪದವಿ ಕಳೆದುಕೊಂಡಿದ್ದರು. ಪಂಥ ಬೇರೆ, ಅಭಿಪ್ರಾಯ ಬೇರೆ. ಆದರೂ 1666ರ ಜೂನ್‌ನಲ್ಲಿ ಇಬ್ಬರೂ ಒಟ್ಟಿಗೆ ಜನರ ಮುಂದೆ ನಿಂತರು. ರೋಗ ಸುತ್ತಲಿನ ಊರುಗಳಿಗೆ ಹರಡದಂತೆ ಯಾರೂ ಗಡಿ ದಾಟಬಾರದು ಎಂದು ಕೇಳಿಕೊಂಡರು. ಜನ ಒಪ್ಪಿದರು.

ಇಗರ್ಜಿಯ ಬಾಗಿಲು ಮುಚ್ಚಿತು. ಪ್ರಾರ್ಥನೆ ಬಯಲಿನ ಕಣಿವೆಯೊಂದಕ್ಕೆ ಹೋಯಿತು. ಕುಟುಂಬಗಳು ಒಂದರಿಂದೊಂದು ದೂರ ನಿಂತು ದೇವರನ್ನು ನೆನೆದವು. ಸತ್ತವರನ್ನು ಆಯಾ ಮನೆಯವರೇ ತಮ್ಮ ತೋಟದಲ್ಲೋ ಹೊಲದಲ್ಲೋ ಹೂಳಬೇಕಾಯಿತು. ಗಡಿಯ ಕಲ್ಲಿನ ಕುಳಿಗಳಲ್ಲಿ ವಿನಿಗರ್ ತುಂಬಿ ಅದರಲ್ಲಿ ನಾಣ್ಯ ಹಾಕಿಡುತ್ತಿದ್ದರು. ಹೊರಗಿನವರು ದವಸ ಇಟ್ಟು ಹಣ ಒಯ್ಯುತ್ತಿದ್ದರು. ಸಮೀಪದ ಚ್ಯಾಟ್ಸ್‌ವರ್ತ್‌ನಲ್ಲಿದ್ದ ಡೆವನ್‌ಷೈರಿನ ಅರ್ಲ್ ಆಹಾರ ಕಳಿಸಿಕೊಟ್ಟರು. ಹೀಗೆ ಒಳಗಿನವರ ತ್ಯಾಗಕ್ಕೆ ಹೊರಗಿನವರ ಕರುಣೆ ಜೊತೆಯಾಯಿತು.

ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ ಎಂಬ ವಿಜ್ಞಾನಿ ಹಾಂಗ್‌ಕಾಂಗ್‌ನಲ್ಲಿ ಕಂಡುಹಿಡಿದದ್ದು 1894ರಲ್ಲಿ. ಇಲಿಯ ಚಿಗಟ ಅದನ್ನು ಸಾಗಿಸುತ್ತದೆಂದು ಸಿಮಾಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ಈಮ್‌ನ ಜನರಿಗೆ ಇದಾವುದೂ ಗೊತ್ತಿರಲಿಲ್ಲ. ಗುಂಪು ಸೇರದಿರುವುದು, ಗಡಿ ದಾಟದಿರುವುದು ಅವರಿಗೆ ಹೊಳೆದ ವಿವೇಕ. 2020ರಲ್ಲಿ ಕೋವಿಡ್ ಬಂದಾಗ ಜಗತ್ತೆಲ್ಲ ಪಾಲಿಸಿದ್ದೂ ಅದನ್ನೇ.

ಬೆಲೆ ಮಾತ್ರ ಘೋರವಾಗಿತ್ತು. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟೇ ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತನ್ನ ಕೈಯಾರೆ ಮಣ್ಣು ಮಾಡಿದಳು. ಮಾಂಪೆಸ್ಸನ್ ತಮ್ಮ ಇಬ್ಬರು ಮಕ್ಕಳನ್ನು ಮೊದಲೇ ಯಾರ್ಕ್‌ಷೈರಿಗೆ ಕಳಿಸಿದ್ದರು. ಪತ್ನಿ ಕ್ಯಾಥರೀನ್ ಮಾತ್ರ ಗಂಡನನ್ನೂ ರೋಗಿಗಳನ್ನೂ ಬಿಟ್ಟು ಹೋಗಲಿಲ್ಲ. ಆಗಸ್ಟ್ ತಿಂಗಳಲ್ಲಿ ಆಕೆಯೂ ತೀರಿಕೊಂಡರು. 1666ರ ನವೆಂಬರಿನಲ್ಲಿ ರೋಗ ನಿಂತಾಗ ಸತ್ತವರ ಲೆಕ್ಕ ಸುಮಾರು 260 ಎಂದು ಹೇಳುತ್ತಾರೆ.

ಇದರಲ್ಲಿ ದೇವರ ಕೃಪೆ ಎಲ್ಲಿದೆ ಎಂದು ಮಕ್ಕಳು ಕೇಳಿದರೆ ತಂದೆತಾಯಿ ಗದರಿಸಬಾರದು. ಅದು ನ್ಯಾಯವಾದ ಪ್ರಶ್ನೆ. ಮಕ್ಕಳನ್ನು ದೂರ ಕಳಿಸಿದ ಪಾದ್ರಿ ಉಳಿದವರ ಮಕ್ಕಳನ್ನು ಊರಲ್ಲೇ ಇರಿಸಿಕೊಂಡದ್ದು ಸರಿಯೇ ಎಂದೂ ಕೇಳಬಹುದು. ಬಾಗಿಲು ಮುಚ್ಚದಿದ್ದರೆ ಊರಿನಲ್ಲಿ ಇನ್ನಷ್ಟು ಮಂದಿ ಉಳಿಯುತ್ತಿದ್ದರೆಂದು ವಾದಿಸುವವರೂ ಇದ್ದಾರೆ. ಪ್ರಾರ್ಥನೆ ಚಿಗಟವನ್ನು ಕೊಲ್ಲಲಿಲ್ಲ. ಭಕ್ತರೆಂದು ರೋಗ ಯಾರನ್ನೂ ಬಿಡಲಿಲ್ಲ.

ಆದರೆ ಕೃಪೆಯೆಂದರೆ ಕಷ್ಟ ಬಾರದಿರುವುದೊಂದೇ ಅಲ್ಲ. ಕಷ್ಟದ ನಡುವೆಯೂ ಮನುಷ್ಯ ಮನುಷ್ಯನಾಗಿಯೇ ಉಳಿಯುವ ಬಲವೂ ಕೃಪೆಯೇ. ಒಬ್ಬರನ್ನೊಬ್ಬರು ಒಪ್ಪದ ಇಬ್ಬರು ಪಾದ್ರಿಗಳು ಒಂದಾದದ್ದು, ಪ್ರತಿ ವಾರ ಕೆಲವರು ಕಡಿಮೆಯಾಗುತ್ತಿದ್ದರೂ ಉಳಿದವರು ಆ ಕಣಿವೆಗೆ ಬಂದು ನಿಂತದ್ದು, ಹೆಸರೂ ಗೊತ್ತಿಲ್ಲದ ಪಕ್ಕದೂರಿನ ಮಕ್ಕಳಿಗಾಗಿ ಒಂದು ಹಳ್ಳಿ ತನ್ನನ್ನು ಕಟ್ಟಿಹಾಕಿಕೊಂಡದ್ದು ಆ ಬಲದಿಂದಲೇ. ಒಂಟಿಯಾಗಿದ್ದವರಿಗೆ ಅದು ಸಾಧ್ಯವಿರಲಿಲ್ಲ. ಸಭೆಯ ಜೊತೆ ಸಾಧ್ಯವಾಯಿತು.

ಪ್ರತಿ ವರ್ಷ ಆಗಸ್ಟಿನ ಕೊನೆಯ ಭಾನುವಾರ ಈಮ್‌ನ ಜನ ಅದೇ ಕಣಿವೆಯಲ್ಲಿ ಸೇರಿ ಹಿರಿಯರನ್ನು ನೆನೆಯುತ್ತಾರೆ. ಇಂಥ ಪರೀಕ್ಷೆ ಎಲ್ಲರಿಗೂ ಬರಲಾರದು. ಆದರೆ ಕಾಯಿಲೆ, ಸಾಲ, ಸಾವು, ಸೋಲು ಯಾವ ಮನೆಗೂ ತಪ್ಪಿದ್ದಲ್ಲ. ಅಂಥ ದಿನ ಪಕ್ಕದ ಮನೆಯವರು ಬಾಗಿಲು ತಟ್ಟಿ ಒಂದು ಪಾತ್ರೆ ಗಂಜಿ ಇಟ್ಟುಹೋದರೆ, ದೇವರು ಬಂದುಹೋದನೆಂದೇ ತಿಳಿಯಬಹುದು.