ಹಂಚಿನ ಮೇಲಿನ ಮಳೆ

ಮುಕ್ತ ದತ್ತಾಂಶದ ಕಾರ್ಯಾಗಾರಗಳಿಗೆ ಹೋದಾಗಲೆಲ್ಲ ನೋಡಿದ್ದೇನೆ, ಎಲ್ಲಕ್ಕಿಂತ ಮೊದಲು ಬಾಗಿಲು ಹಾಕಿಕೊಳ್ಳುವುದು ವೈ-ಫೈ. ಈ ಸಲವೂ ಚೀಟಿಯಲ್ಲಿ ಬರೆದುಕೊಟ್ಟ ಪಾಸ್‌ವರ್ಡ್ ನಡೆಯಲಿಲ್ಲ. ವೇದಿಕೆಯ ಮೇಲಿದ್ದವರು ಆಗಲೇ ಪರಮ್ ಪ್ರವೇಗ ಏರಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2022ರಲ್ಲಿ ಬಂದ ಸೂಪರ್ ಕಂಪ್ಯೂಟರ್ ಅದು. ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಪಕ್ಕದಲ್ಲಿದ್ದ ಹುಡುಗಿ, "ಇಂಥದ್ದರಲ್ಲೂ ನಾವು ಕ್ಯೂ ನಿಲ್ಲಬೇಕು ಸರ್," ಎಂದು ಪಿಸುಗುಟ್ಟಿದಳು. ಹಂಚಿಕೊಂಡ ಯಂತ್ರಕ್ಕೂ ಸೀಮೆಎಣ್ಣೆ ಅಂಗಡಿಗೂ ಒಂದೇ ಧರ್ಮ ಎಂದು ನನಗೆ ಸಮಾಧಾನವಾಯಿತು.

ಆಮೇಲೆ 'ಫೇರ್' ತತ್ವಗಳು ಬಂದವು. 2016ರಲ್ಲಿ ಪ್ರಕಟವಾದ ಈ ತತ್ವಗಳ ಪ್ರಕಾರ ದತ್ತಾಂಶ ಹುಡುಕಿದರೆ ಸಿಗಬೇಕು, ಕೈಗೆಟುಕಬೇಕು, ಬೇರೆಯದರ ಜೊತೆ ಹೊಂದಬೇಕು, ಮತ್ತೆ ಬಳಸಲು ಬರಬೇಕು. ಇದಕ್ಕೆಲ್ಲ ಬೇಕಾದದ್ದು ಮೆಟಾಡೇಟಾ, ಒಳಗೇನಿದೆ ಎಂದು ಹೊರಗೆ ಬರೆದಿಡುವುದು. ನಮ್ಮಮ್ಮನ ಅಡುಗೆಮನೆ ನೆನಪಾಯಿತು. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾರಿನ ಪುಡಿ, ಬೋರ್ನ್‌ವೀಟಾ ಡಬ್ಬಿಯಲ್ಲಿ ಮೆಂತ್ಯ. ಅಲ್ಲಿ ಮೆಟಾಡೇಟಾ ಅಂದರೆ ಅಮ್ಮನೇ.

ಊಟದ ಹೊತ್ತಿಗೆ ನನಗೂ ಏನಾದರೂ ಕೊಡುವ ಹುರುಪು ಬಂತು. ಮೂಡಿಗೆರೆ ಹತ್ತಿರ ನಮಗೊಂದು ಸಣ್ಣ ಕಾಫಿ ತೋಟ. ಅಪ್ಪ ಮೂವತ್ತು ವರ್ಷ ದಿನವೂ ಮಳೆ ಬರೆದಿಟ್ಟಿದ್ದಾರೆ ಎಂದೆ. ಹವಾಮಾನದ ಮೇಷ್ಟರೊಬ್ಬರ ಕೈ ಬಿಸಿಬೇಳೆಬಾತಿನಲ್ಲೇ ನಿಂತಿತು.

"ಮಿಲಿಮೀಟರಾ?"

"ಇಂಚು, ಸೆಂಟು." ಕಾಫಿ ಸೀಮೆಯಲ್ಲಿ ಮಳೆಯ ಭಾಷೆಯೇ ಅದು. ನೂರು ಸೆಂಟಿಗೆ ಒಂದಿಂಚು. ಮಾರ್ಚಿನ ಹೂಮಳೆ ಎಂಬತ್ತು ಸೆಂಟು ಬಂತೆಂದರೆ ಅಪ್ಪ ಎರಡನೇ ಲೋಟ ಕಾಫಿ ಕೇಳುತ್ತಿದ್ದರು.

"ಬೆಳಿಗ್ಗೆ ಅಳೆದ ಮಳೆ ಹಿಂದಿನ ದಿನದ ಲೆಕ್ಕಕ್ಕೋ, ಅವತ್ತಿನದಕ್ಕೋ? ಅಳೆದವರು ಯಾರು? ಅಪ್ಪ ಊರಲ್ಲಿಲ್ಲದಾಗ?"

ನನ್ನ ಹತ್ತಿರ ಉತ್ತರವಿರಲಿಲ್ಲ. ರಾತ್ರಿ ರಿಜಿಸ್ಟರ್ ತೆರೆದೆ. ಗೆದ್ದಲು ಅಂಚಿಗಷ್ಟೇ ಬಾಯಿ ಹಾಕಿತ್ತು. ಅಪ್ಪನ ನೀಲಿ ಅಂಕಿಗಳು, ನಡುನಡುವೆ ಅಮ್ಮನ ದುಂಡು ಅಂಕಿಗಳು. ಅಮ್ಮ ಬರೆದ ಕೆಲವು ಅಂಕಿಗಳ ಸುತ್ತ ಮಾತ್ರ ಪೆನ್ಸಿಲ್ಲಿನಲ್ಲಿ ಎಳೆದ ಸಣ್ಣ ಸೊನ್ನೆ. ಅಮ್ಮನಿಗೆ ಫೋನ್ ಮಾಡಿದೆ.

"ನಿಮ್ಮಪ್ಪ ಚಿಕ್ಕಮಗಳೂರಿಗೆ ಹೋದ ದಿನ ನಾನೇ ಬರೀತಿದ್ದೆ," ಅಂದಳು. ಸ್ವಲ್ಪ ತಡೆದು, ಅಪ್ಪ ಹೋಗಿ ಹನ್ನೊಂದು ವರ್ಷವಾಗಿದ್ದರೂ ದನಿ ತಗ್ಗಿಸಿ, "ಆ ಜಡಿಮಳೇಲಿ ಜಿಗಣೆ ಕಚ್ಚಿಸಿಕೊಂಡು ಕಣದಲ್ಲಿರೋ ಮಳೆಮಾಪಕದ ತನಕ ಯಾರು ಹೋಗ್ತಾರೆ ಮಾರಾಯ? ಹಂಚಿನ ಮೇಲಿನ ಸದ್ದು ಕೇಳಿ ಬರೆದುಬಿಡ್ತಿದ್ದೆ. ಅವರಿಗೆ ಗೊತ್ತಿಲ್ಲ."

"ಗೊತ್ತಿತ್ತು ಅನ್ಸುತ್ತಮ್ಮ," ಎಂದು ಸೊನ್ನೆಗಳ ವಿಷಯ ಹೇಳಿದೆ.

ಫೋನಿನಲ್ಲಿ ಬಹಳ ಹೊತ್ತು ಮಾತಿಲ್ಲ. ಅಲ್ಲಿ ಮಳೆ ಹಿಡಿದಿತ್ತು. ಹಂಚಿನ ಸದ್ದು ನನಗೂ ಕೇಳಿಸುತ್ತಿತ್ತು.

"ಎಷ್ಟು ಕಡೆ ಹಾಕಿದಾರೆ?"

"ಹದಿನೇಳು ಕಡೆ."

"ಅಯ್ಯೋ," ಅಮ್ಮ ನಕ್ಕಳು, "ಬರೀ ಹದಿನೇಳಾ?"