ಸ್ಟೇಟ್‌ವಿಲ್ ವಾರ್ಡಿನಲ್ಲಿ ಒಡೆದ ರಕ್ತ

1950ರ ದಶಕದ ಮೊದಲ ವರ್ಷಗಳು. ಶಿಕಾಗೊ ಹತ್ತಿರದ ಸ್ಟೇಟ್‌ವಿಲ್ ಜೈಲಿನ ಆಸ್ಪತ್ರೆ. ನೀವು ನಿಂತಿರುವುದು ಒಬ್ಬ ಆಫ್ರಿಕನ್ ಅಮೆರಿಕನ್ ಕೈದಿಯ ಮಂಚದ ಪಕ್ಕ. ಶಿಕಾಗೊ ವಿಶ್ವವಿದ್ಯಾಲಯದ ವೈದ್ಯರು ಅವನಿಗೆ ದಿನಕ್ಕೆ 30 ಮಿಲಿಗ್ರಾಂ ಪ್ರಿಮಾಕ್ವಿನ್ ನುಂಗಿಸುತ್ತಿದ್ದಾರೆ. ವೈವ್ಯಾಕ್ಸ್ ಮಲೇರಿಯಾದ ರೋಗಾಣು ಲಿವರಿನಲ್ಲಿ ಅಡಗಿ ಕೂತು, ತಿಂಗಳುಗಳು ಕಳೆದ ಮೇಲೂ ಮರುಕಳಿಸುತ್ತದೆ. ಅದನ್ನು ಬೇರುಸಹಿತ ಕೀಳುವ ಮಾತ್ರೆ ಇದು. ಕೊರಿಯಾ ಯುದ್ಧದಿಂದ ಮರಳುವ ಸೈನಿಕರಿಗೆ ತುರ್ತಾಗಿ ಬೇಕಾಗಿದೆ.

ಮೊದಲೆರಡು ದಿನ ಏನೂ ಇಲ್ಲ. ಮೂರನೆಯ ದಿನ ಗಾಜಿನ ಪಾತ್ರೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಮೂತ್ರ ಗಟ್ಟಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದೆ. ಕಣ್ಣಿನ ಬಿಳಿಭಾಗ ಹಳದಿಯಾಗಿದೆ. ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಪಕ್ಕದ ಮಂಚದವನಿಗೂ ಅದೇ ಮಾತ್ರೆ, ಅದೇ ಪ್ರಮಾಣ. ಅವನು ಆರಾಮಾಗಿ ಊಟ ಮಾಡುತ್ತಿದ್ದಾನೆ.

ಸೂಕ್ಷ್ಮದರ್ಶಕಕ್ಕೆ ಕಣ್ಣಿಡಿ. ಮೊದಲ ಕೈದಿಯ ಕೆಂಪು ರಕ್ತಕಣಗಳ ಅಂಚಿನಲ್ಲಿ ಗಟ್ಟಿ ಚುಕ್ಕೆಗಳು, ಕೆಟ್ಟು ಗಂಟಾದ ಹಿಮೋಗ್ಲೋಬಿನ್. ದೋಷ ಕಣದ್ದೋ, ಇಡೀ ಮೈಯದ್ದೋ? ಮಾತ್ರೆ ಒಗ್ಗದ ಇಂಥವರ ರಕ್ತಕ್ಕೆ ವಿಕಿರಣಶೀಲ ಕ್ರೋಮಿಯಂನ ಗುರುತು ಹಾಕಿ, ಮಾತ್ರೆ ಒಗ್ಗುವವರಿಗೆ ಏರಿಸುತ್ತಾರೆ. ಆಮೇಲೆ ಪ್ರಿಮಾಕ್ವಿನ್ ಕೊಡುತ್ತಾರೆ. ಎರವಲು ಬಂದ ಕಣಗಳು ಒಡೆಯುತ್ತವೆ, ಸ್ವಂತದವು ಉಳಿಯುತ್ತವೆ. ಅದಲುಬದಲು ಮಾಡಿ ನೋಡಿದರೆ, ಒಗ್ಗುವವರ ಕಣಗಳು ಇಂಥವರ ಮೈಯಲ್ಲೂ ಕ್ಷೇಮ. ಹಾಗಾದರೆ ದೋಷ ಕಣದೊಳಗೇ ಇದೆ.

ಮಾತ್ರೆ ನಿಲ್ಲಿಸದಿದ್ದರೂ ಎರಡನೆಯ ವಾರದಲ್ಲಿ ಆ ಮೊದಲ ಕೈದಿಯ ರಕ್ತ ಚೇತರಿಸಿಕೊಳ್ಳತೊಡಗುತ್ತದೆ. ಮುದಿ ಕಣಗಳು ಸತ್ತು, ಹೊಸದಾಗಿ ಹುಟ್ಟಿದ ಕಣಗಳು ತಾಳಿಕೊಂಡಿವೆ. 1956ರಲ್ಲಿ ಪಾಲ್ ಕಾರ್ಸನ್ ಮತ್ತು ಸಂಗಡಿಗರು ಕಾರಣ ಹಿಡಿದರು: ಕಣವನ್ನು ಆಕ್ಸಿಡೀಕರಣದಿಂದ ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ. ಎಳೆಯ ಕಣಗಳಲ್ಲಿ ಆ ಕಿಣ್ವ ಅಷ್ಟಿಷ್ಟು ಇರುತ್ತದೆ, ವಯಸ್ಸಾದಂತೆ ಕರಗುತ್ತದೆ. ಈ ಕೊರತೆಯ ಕೆಲವು ಬಗೆಗಳಲ್ಲಿ ಎಳೆಯ ಕಣಗಳಿಗೂ ರಕ್ಷಣೆಯಿಲ್ಲ. ಅಲ್ಲಿ ಮಾತ್ರೆ ಮುಂದುವರಿಸಿದರೆ ಜೀವಕ್ಕೇ ಅಪಾಯ. ಎಕ್ಸ್ ವರ್ಣತಂತುವಿನ ಮೂಲಕ ಬರುವ ದೋಷವಾದ್ದರಿಂದ ಹೆಚ್ಚಾಗಿ ಬಾಧಿಸುವುದು ಗಂಡಸರನ್ನು.

ಇಂಥ ಪ್ರಯೋಗಕ್ಕೆ ಸೆರೆಯಲ್ಲಿದ್ದವನು ಹಾಕಿದ ಒಪ್ಪಿಗೆಯ ಸಹಿಯನ್ನು ಸ್ವತಂತ್ರನ ಒಪ್ಪಿಗೆ ಎನ್ನಲಾಗದು. ಆ ಕೈದಿಗಳ ರಕ್ತ ಕಲಿಸಿದ ಪಾಠಕ್ಕೆ ನಾವು ಋಣಿಗಳು, ಅದನ್ನು ಮರೆಯುವುದು ಅಪರಾಧ. ಮಂಗಳೂರಿನಲ್ಲಾಗಲಿ ಬೇರೆಲ್ಲಾಗಲಿ, ವೈವ್ಯಾಕ್ಸ್ ಬಂದವರಿಗೆ ಸಾಮಾನ್ಯವಾಗಿ ಇಂದಿಗೂ 14 ದಿನದ ಪ್ರಿಮಾಕ್ವಿನ್ ಕೊಡುತ್ತಾರೆ. ಹೆದರಿ ಅದನ್ನು ಬಿಡಬೇಡಿ, ಬಿಟ್ಟರೆ ಜ್ವರ ಮರಳಬಹುದು. ಆದರೆ ಮೊದಲ ಮಾತ್ರೆಗೆ ಮುನ್ನ ಜಿ6ಪಿಡಿ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ. ನಡುವೆ ಮೂತ್ರ ಕಪ್ಪಾದರೆ ಮಾತ್ರೆ ನಿಲ್ಲಿಸಿ, ಅಂದೇ ಆಸ್ಪತ್ರೆಗೆ ಹೋಗಿ.