ಹೊಸನಗರದ ಕಾಡುಕೇರಿಗಳಲ್ಲಿ

ಶಿವಮೊಗ್ಗೆಯಿಂದ ಪಶ್ಚಿಮಕ್ಕೆ ಹೊರಟ ಬಸ್ಸು ಆಯನೂರು, ರಿಪ್ಪನ್‌ಪೇಟೆಗಳನ್ನು ದಾಟಿ ಹೊಸನಗರವನ್ನು ಸೇರುವಷ್ಟರಲ್ಲಿ ಬಯಲಿನ ಬಿಸಿಗಾಳಿ ಹಿಂದುಳಿದು ಅಡಕೆತೋಟದ ತಂಪು ಮೈಗೆ ಸೋಕುತ್ತದೆ. ಹಳೆಯ ನಗರವಿರುವುದು ಇನ್ನೂ ಮುಂದೆ. ಅದೇ ಕೆಳದಿಯ ಅರಸರ ಬಿದನೂರು. 1763ರಲ್ಲಿ ಹೈದರಾಲಿಯ ವಶವಾದ ರಾಜಧಾನಿ. ಪ್ರವಾಸಿಗರು ಅಲ್ಲಿಯ ಕೋಟೆಯನ್ನು ನೋಡಿ, ಕೊಡಚಾದ್ರಿಯನ್ನೇರಿ, ಹುಲಿಕಲ್ ಘಾಟಿಯ ಮಂಜನ್ನು ಹೊಗಳಿ ಹಿಂತಿರುಗುತ್ತಾರೆ. ರಸ್ತೆಯಿಂದ ಕವಲೊಡೆದು ಕಾಡಿನೊಳಕ್ಕೆ ಇಳಿಯುವ ಕಾಲುದಾರಿಗಳು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಆ ದಾರಿಗಳನ್ನು ಬಲ್ಲವಳು ಆಶಾ ಕಾರ್ಯಕರ್ತೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಹುಟ್ಟಿದ ಈ ಕೆಲಸಕ್ಕೆ ಊರಿನ ಹೆಂಗಸನ್ನೇ ಆರಿಸುವುದು ಪದ್ಧತಿ. ಸಂಬಳವಲ್ಲ, ಗೌರವಧನ, ಹೊಣೆ ಮಾತ್ರ ತುಂಬು ಸಂಬಳದವರದು! ಗುಲಾಬಿ ಬಣ್ಣದ ಸೀರೆಯುಟ್ಟು ಹೊರಟ ಆಕೆಯ ಚೀಲದಲ್ಲಿ ಮಾಗಿಯ ದಿನಗಳಲ್ಲಿ ಡೇಪಾ ಎಂಬ ಎಣ್ಣೆಯ ಶೀಷೆಗಳಿರುತ್ತವೆ.

ಶೀಷೆಗಳು ಹೋಗುವ ಮನೆಗಳಲ್ಲಿ ಹಸಲರ ಕೇರಿಯವೂ ಉಂಟು. ಹಿಂದೆ ತೋಟದೊಡೆಯರಲ್ಲಿ ಜೀತಕ್ಕಿದ್ದ ಈ ಬುಡಕಟ್ಟಿನವರಿಗೆ ಕಾಡೇ ಕಣಜ. ಸೌದೆ, ಜೇನು, ಬುಟ್ಟಿ ಹೆಣೆಯುವ ಬಿದಿರು, ಕೊಟ್ಟಿಗೆಗೆ ಹಾಸುವ ತರಗೆಲೆ ಎಲ್ಲವೂ ಅಲ್ಲಿಂದಲೇ ಬರಬೇಕು. ಆ ತರಗೆಲೆಯ ನಡುವೆಯೇ ಸಾಸಿವೆಗಿಂತಲೂ ಸಣ್ಣದಾದ ಉಣುಗು ಕಾದಿರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಊರಿನವರೂ ಜ್ವರದಿಂದ ಮಲಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಈ ರೋಗದ ಮೂಲವನ್ನು ಕಂಡುಹಿಡಿದರು. ಜನ ಅದನ್ನು ಮಂಗನ ಕಾಯಿಲೆ ಎಂದು ಕರೆದರು. ಪಾಪ, ಮಂಗವೂ ಮನುಷ್ಯನಂತೆ ಉಣುಗಿನ ಕಡಿತಕ್ಕೆ ಬಲಿಯಾದ ಜೀವಿಯೇ. ಹೆಸರು ಮಾತ್ರ ಅದರ ತಲೆಗೆ ಬಂತು.

ಸತ್ತ ಮಂಗನ ಮೈಯಿಂದ ಉಣುಗುಗಳು ಇಳಿದು ಸುತ್ತಲೂ ಹರಡುತ್ತವೆ. ಆದುದರಿಂದ ಕೇರಿಯನ್ನು ಹೊಕ್ಕ ಆಕೆಯ ಮೊದಲ ಪ್ರಶ್ನೆ ಮನುಷ್ಯರನ್ನು ಕುರಿತದ್ದಲ್ಲ: “ಅಜ್ಜೀ, ಈಚೆಗೆ ಎಲ್ಲಿಯಾದರೂ ಮಂಗ ಸತ್ತದ್ದು ಕಂಡಿರಾ?” ಎರಡನೆಯದು ಎಣ್ಣೆಯ ಮಾತು. ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಹಚ್ಚಬೇಕು, ಬಂದೊಡನೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಮೀಯಬೇಕು. ಅಜ್ಜಿ ನಗುತ್ತಾಳೆ. “ಎಣ್ಣೆ ಮೆತ್ತಿಕೊಂಡು ಸೊಪ್ಪಿನ ಹೊರೆ ಹೊತ್ತರೆ ಮೈಯೆಲ್ಲ ಜಿಗಿಜಿಗಿ ಆಗ್ತದಲ್ಲ ಅಮ್ಮ!” ಶೀಷೆ ತುಂಬಿದ್ದ ಹಾಗೆಯೇ ಗೂಡಿನಲ್ಲಿರುವುದನ್ನು ಕಂಡರೂ ಆಕೆ ಗದರುವುದಿಲ್ಲ. ಕಾಡಿಗೆ ಹೋಗಬೇಡಿ ಎನ್ನುವುದು ಉಣ್ಣಬೇಡಿ ಎಂದಂತೆಯೇ. ಅಜ್ಜಿಯ ಕೈಯನ್ನು ಹಿಡಿದು ತಾನೇ ಎಣ್ಣೆ ಸವರುತ್ತಾಳೆ.

ಮೂರನೆಯದೇ ಕಠಿಣವಾದ ಪ್ರಶ್ನೆ. ಯಾರಿಗಾದರೂ ಜ್ವರವಿದೆಯೇ? ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಹಾಗಾಗಿ ಒಳಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ ಮಗನ ಸುದ್ದಿ ಕೂಡಲೇ ಹೊರಬರುವುದಿಲ್ಲ. ಕಷಾಯ ಕೊಟ್ಟಿದ್ದೇವೆ, ನಾಳೆ ನೋಡುವ, ಎಂದು ತಾಯಿ ಮಾತು ತೇಲಿಸುತ್ತಾಳೆ. ಈ ಜ್ವರಕ್ಕೆ ಇದೇ ಮದ್ದೆಂಬುದಿಲ್ಲ. ಬೇಗ ಗುರುತಿಸಿ, ರಕ್ತವನ್ನು ಪರೀಕ್ಷಿಸಿ, ಆಸ್ಪತ್ರೆಯಲ್ಲಿ ಆರೈಕೆ ಮಾಡಿದರೆ ಹೆಚ್ಚಿನವರು ಉಳಿಯುತ್ತಾರೆ. ನೂರಕ್ಕೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಹಲವು ಮನೆಗಳಲ್ಲಿ ಸೂತಕವಾಯಿತು. 2024ರ ಜನವರಿಯಲ್ಲಿ ಹೊಸನಗರ ತಾಲ್ಲೂಕಿನ ಯುವತಿಯೊಬ್ಬಳು ತೀರಿಕೊಂಡಳು.

ದಶಕಗಳ ಕಾಲ ಕೊಡುತ್ತಿದ್ದ ಲಸಿಕೆಯೂ ಸತ್ವ ಸಾಲದೆ 2022ರಲ್ಲಿ ನಿಂತುಹೋಯಿತು. ಆಮೇಲೆ ಕೇರಿಗೂ ಜ್ವರಕ್ಕೂ ನಡುವೆ ಉಳಿದದ್ದು ಈ ಎಣ್ಣೆ ಮತ್ತು ಆಕೆಯ ಮಾತು.

ಜಗಲಿಯ ಮೇಲೆ ಕುಳಿತ ಆಕೆ ಎದ್ದುಹೋಗುವ ಆತುರ ತೋರದೆ ಅಡಕೆಯ ಧಾರಣೆ, ಮೊಮ್ಮಗಳ ಶಾಲೆ, ಕರುವಿನ ಕಾಲುಬೇನೆ ಎಲ್ಲವನ್ನೂ ಕೇಳುತ್ತಾಳೆ. ಹೊರಡಲೆಂದು ಚೀಲ ಹೆಗಲಿಗೇರಿಸಿದಾಗ ತಾಯಿ ಬಾಗಿಲಿಗೆ ಬಂದು ಮೆಲ್ಲನೆ ಅನ್ನುತ್ತಾಳೆ: “ಅಮ್ಮಾ, ಒಳಗೆ ಒಂದು ಸಲ ಬಂದು ನೋಡ್ತೀರಾ?”